ಹಳೆಯ ಬೇಸಾಯದ ಕುರುಹುಗಳನ್ನು ಹೊಲದಲ್ಲಿ ಗುರುತಿಸುವುದು ಹೇಗೆ?

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಊರಿನ ಇತಿಹಾಸವೆಂದರೆ ಗುಡಿ, ಶಾಸನ, ವೀರಗಲ್ಲು ಎಂದೇ ನಾವು ತಿಳಿದಿದ್ದೇವೆ. ಆದರೆ ಆ ಗುಡಿಗಳನ್ನು ನಡೆಸಿದ ದವಸ ಬೆಳೆದದ್ದು ಹೊಲದಲ್ಲಿ, ಮತ್ತು ಆ ಬೇಸಾಯದ ಕುರುಹುಗಳು ಇಂದಿಗೂ ಹೊಲದಲ್ಲೇ ಉಳಿದಿವೆ. ಅವನ್ನು ಓದುವ ಕ್ರಮವನ್ನು ಕಲಿಯಬಯಸುವವರು ರೋಮನ್ನರ ಆಳ್ವಿಕೆಯ ಬ್ರಿಟನ್ನಿನ, ಅಂದರೆ ಕ್ರಿ.ಶ. 43ರಿಂದ ಸುಮಾರು 410ರವರೆಗಿನ ಹಳ್ಳಿಗಾಡಿನ ಸಂಶೋಧನೆಯನ್ನು ನೋಡಬೇಕು. ಅಲ್ಲಿಯ ಸಾಮಾನ್ಯ ರೈತನ ಬಗ್ಗೆ ಬರೆಹ ತೀರ ಕಡಿಮೆಯಿರುವುದರಿಂದ, ಅವನ ಬದುಕನ್ನು ವಿದ್ವಾಂಸರು ಬಹುಮಟ್ಟಿಗೆ ಮಣ್ಣಿನಿಂದಲೇ ತಿಳಿದುಕೊಂಡಿದ್ದಾರೆ.

ಮೊದಲ ಕೆಲಸ ಹೊಲದ ಒಡೆಯರ ಒಪ್ಪಿಗೆ ಪಡೆಯುವುದು. ಮಸಾರಿ (ಕೆಂಪು ಮಣ್ಣಿನ) ಹೊಲವಾದರೆ ಮುಂಗಾರಿ ಬಿತ್ತನೆಗೆ ಮುಂಚೆ, ಎರೆ (ಕಪ್ಪು ಮಣ್ಣಿನ) ಹೊಲವಾದರೆ ಹಿಂಗಾರಿ ಬಿತ್ತನೆಗೆ ಮುಂಚೆ, ನೆಲ ಹರಗಿ ಒಂದೆರಡು ಮಳೆ ಬಿದ್ದ ಮೇಲೆ ಹೋಗಬೇಕು. ಮಳೆ ಮಣ್ಣನ್ನು ತೊಳೆದು ಬೋಕಿ ಚೂರುಗಳನ್ನು, ಅಂದರೆ ಒಡೆದ ಮಡಕೆಯ ತುಣುಕುಗಳನ್ನು, ಮೇಲೆ ತೋರಿಸಿರುತ್ತದೆ. ಹತ್ತು ಹತ್ತು ಮೀಟರ್ ಅಂತರದಲ್ಲಿ ನೇರ ಸಾಲು ಹಿಡಿದು ನಡೆಯಿರಿ, ಪ್ರತಿ ಸಾಲಿನಲ್ಲಿ ಎಷ್ಟು ಚೂರು ಕಂಡವೆಂದು ಬರೆದುಕೊಳ್ಳಿ, ಚೂರನ್ನು ಇದ್ದಲ್ಲಿಯೇ ಬಿಡಿ.

ಒಂದು ಚೂರನ್ನು ಮಾತ್ರ ಹತ್ತಿರದಿಂದ ನೋಡಿ. ಅದು ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ, ಅಂಚುಗಳೆಲ್ಲ ಸವೆದು ದುಂಡಗಾಗಿ, ಸುತ್ತಮುತ್ತ ಅಂಥವೇ ಅಲ್ಲೊಂದು ಇಲ್ಲೊಂದು ಚದುರಿದ್ದರೆ, ಅಲ್ಲಿ ಮನೆಗಳಿದ್ದವೆಂದು ಹೇಳಲಾಗದು. ತಿಪ್ಪೆಯ ಗೊಬ್ಬರದ ಜೊತೆ ಒಡೆದ ಮಡಕೆಯೂ ಹೊಲಕ್ಕೆ ಬಂದು, ವರ್ಷ ವರ್ಷವೂ ನೇಗಿಲಿಗೆ ಸಿಕ್ಕಿ ಸವೆದಿರುವ ಸಾಧ್ಯತೆಯೇ ಹೆಚ್ಚು. ರೋಮನ್ ಬ್ರಿಟನ್ನಿನಲ್ಲಿ ಯಾವ ಹೊಲಗಳಿಗೆ ಗೊಬ್ಬರ ಹಾಕುತ್ತಿದ್ದರು, ಯಾವುವನ್ನು ಬಿಟ್ಟಿದ್ದರು ಎಂಬುದನ್ನು ಇಂಥ ಚೂರುಗಳ ಹರಹಿನಿಂದಲೇ ಊಹಿಸುತ್ತಾರೆ. ಇದಕ್ಕೆ ಬದಲಾಗಿ ದೊಡ್ಡ ದೊಡ್ಡ ಚೂರುಗಳು ಚೂಪಾದ ಅಂಚಿನೊಡನೆ ಒಂದೇ ಕಡೆ ಒತ್ತಾಗಿದ್ದು, ಬೂದಿ ಬಣ್ಣದ ಮಣ್ಣು, ಎಲುಬಿನ ತುಣುಕು, ಬೀಸುವ ಕಲ್ಲಿನ ಒಡಕು ಜೊತೆಗಿದ್ದರೆ ಅದು ಹಾಳೂರಿನ ನೆಲೆಯಾಗಿರಬಹುದು. ಎರೆ ಭೂಮಿಯಲ್ಲಿ ಮಾತ್ರ ಆಳವನ್ನು ನಂಬಿ ಕಾಲ ಹೇಳಬೇಡಿ: ಬೇಸಿಗೆಯ ಬಿರುಕಿನಲ್ಲಿ ಮೇಲಿನ ವಸ್ತು ಕೆಳಗಿಳಿಯುತ್ತದೆ, ಮಳೆಗಾಲದಲ್ಲಿ ಮಣ್ಣು ಉಬ್ಬಿ ಕೆಳಗಿನದು ಮೇಲೇರುತ್ತದೆ.

ಎರಡನೆಯ ಕುರುಹು ಪೈರಿನ ಬಣ್ಣ. ಹೂತುಹೋದ ಹಳೆಯ ಕಾಲುವೆಯ ಮೇಲೆ ಮಣ್ಣು ಆಳವಾಗಿರುವುದರಿಂದ ಬರದ ದಿನಗಳಲ್ಲೂ ಪೈರು ಎತ್ತರವಾಗಿ ಹಸಿರಾಗಿರುತ್ತದೆ. ಹೂತ ಗೋಡೆಯ ಮೇಲೆ ಗಿಡ್ಡಾಗಿ ಬೇಗ ಹಳದಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಪುರಾತತ್ವಜ್ಞ ಓ. ಜಿ. ಎಸ್. ಕ್ರಾಫರ್ಡ್ 1920ರ ದಶಕದಲ್ಲಿ ವಿಮಾನದಿಂದ ತೆಗೆದ ಚಿತ್ರಗಳ ಮೂಲಕ ಈ ವಿಧಾನವನ್ನು ಬೆಳೆಸಿದರು. 2018ರ ಒಣ ಬೇಸಿಗೆಯಲ್ಲಿ ಅಲ್ಲಿ ಇಂಥ ಗುರುತುಗಳು ಹೇರಳವಾಗಿ ಕಂಡವು. ಜೇಡಿ ನೆಲದಲ್ಲಿ ಅವು ಮಸುಕಾಗಿರುತ್ತವೆ. ಆದ್ದರಿಂದ ನವಲಗುಂದದ ಎರೆಗಿಂತ ತೆಳು ಮಸಾರಿಯಲ್ಲಿ ಹುಡುಕುವುದು ಮೇಲು.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವುದು ಸುಟ್ಟ ಕಾಳು. ಹಸಿ ಕಾಳು ಕೊಳೆಯುತ್ತದೆ. ಗಾಳಿ ಹೆಚ್ಚು ತಾಗದೆ ಕರಿಕಾದ ಕಾಳು ಸಾವಿರಾರು ವರ್ಷ ಆಕಾರ ಕೆಡದೆ ಉಳಿಯುತ್ತದೆ. ರೋಮನ್ ಬ್ರಿಟನ್ನಿನ ಮುಖ್ಯ ಬೆಳೆ ಸ್ಪೆಲ್ಟ್ ಎಂಬ ಗೋಧಿ. ಅದು ನಮ್ಮ ಭಾಗದ ಜವೆ ಗೋಧಿಯ ಬಳಗದ್ದು, ಕಣದಲ್ಲಿ ಬಡಿದರೂ ಹೊಟ್ಟು ಬಿಡದು, ಕುಟ್ಟಿಯೇ ಬಿಡಿಸಬೇಕು. ಅಲ್ಲಿಯ ಕಾಳು ಒಣಗಿಸುವ ಕಲ್ಲಿನ ಒಲೆಗಳಲ್ಲಿ, ಅವುಗಳಲ್ಲಿ ಹಲವು ಇಂಗ್ಲಿಷಿನ ಟಿ ಅಕ್ಷರದ ಆಕಾರದವು, ಈ ಹೊಟ್ಟಿನ ಬುಡಗಳು ರಾಶಿಯಾಗಿ ಸಿಕ್ಕಿವೆ. ಹೊಟ್ಟನ್ನೇ ಉರುವಲಾಗಿ ಬಳಸುತ್ತಿದ್ದರೆಂದು ಇದರಿಂದ ತಿಳಿಯಿತು. ಕೆಲವು ಒಲೆಗಳಲ್ಲಿ ಮೊಳಕೆ ಬಂದ ಕಾಳು ದೊರೆತದ್ದರಿಂದ, ಮದ್ಯಕ್ಕಾಗಿ ಮೊಳಕೆ ಕಟ್ಟಿ ಒಣಗಿಸುತ್ತಿದ್ದುದೂ ಗೊತ್ತಾಯಿತು. ನಮ್ಮಲ್ಲಿಯೂ ಹಾವೇರಿ ಜಿಲ್ಲೆಯ ತುಂಗಭದ್ರಾ ತೀರದ ಹಳ್ಳೂರಿನ ಪ್ರಾಚೀನ ನೆಲೆಯಲ್ಲಿ ಸುಟ್ಟ ಹುರುಳಿ ಕಾಳುಗಳು ದೊರೆತಿವೆ.

ಇದರ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಬಹುದು. ಹುರುಳಿ, ಜೋಳ, ನವಣೆ, ಜವೆ ಗೋಧಿಯನ್ನು ಹೊಟ್ಟಿನ ಸಮೇತ ಮುಚ್ಚಿದ ಡಬ್ಬಿಯಲ್ಲಿ ಸಣ್ಣ ಕೆಂಡದ ಮೇಲಿಟ್ಟು ಕರಿಕು ಮಾಡಿ, ಒಣಮಣ್ಣಿನಲ್ಲಿ ಕಲಸಿ, ಬಕೆಟ್ ನೀರಿಗೆ ಹಾಕಿ ಮೆಲ್ಲಗೆ ತಿರುವಿ. ಎರೆ ಮಣ್ಣಾದರೆ ಹೆಂಟೆ ಕರಗುವವರೆಗೆ ನೆನೆಯಲು ಬಿಡಬೇಕು. ತೇಲಿದ ಕರಿಯನ್ನು ತೆಳು ಬಟ್ಟೆಗೆ ಸೋಸಿ ನೆರಳಲ್ಲಿ ಒಣಗಿಸಿ, ಬಿಸಿಲು ತಾಗಿದರೆ ಕಾಳು ಸೀಳುತ್ತದೆ. ಭೂತಗನ್ನಡಿಯಲ್ಲಿ ಜವೆ ಗೋಧಿಯ ಹೊಟ್ಟಿನ ಬುಡದ ಕವಲನ್ನು ಒಮ್ಮೆ ಗುರುತಿಸಿಕೊಂಡರೆ ಮತ್ತೆ ಮರೆಯುವುದಿಲ್ಲ.

ಹಗೇವುಗಳನ್ನು, ಅಂದರೆ ನೆಲದೊಳಗೆ ಕಾಳು ಕೂಡಿಡುವ ಗುಂಡಿಗಳನ್ನು, ಬಲ್ಲ ಹಿರಿಯರನ್ನು ತಪ್ಪದೆ ಮಾತನಾಡಿಸಿ. ಬ್ರಿಟನ್ನಿನಲ್ಲಿ ರೋಮನ್ನರಿಗಿಂತ ಮುಂಚೆ ನೆಲದೊಳಗಿನ ಗುಂಡಿಗಳಲ್ಲಿ ಕಾಳು ಇಡುವುದು ವಾಡಿಕೆಯಾಗಿತ್ತು, ರೋಮನ್ ಕಾಲದಲ್ಲಿ ಅದು ಕ್ರಮೇಣ ಕಡಿಮೆಯಾಯಿತು. ಇಂಗ್ಲೆಂಡಿನ ಬಟ್ಸರ್‌ನಲ್ಲಿ 1972ರಿಂದ ಪುರಾತತ್ವಜ್ಞ ಪೀಟರ್ ರೆನಾಲ್ಡ್ಸ್ ನಡೆಸಿದ ಪ್ರಯೋಗಗಳು, ಅಂಚಿನ ಕಾಳು ಮೊಳೆತು ಆಮ್ಲಜನಕವನ್ನು ಮುಗಿಸುವುದರಿಂದ ಒಳಗಿನ ಕಾಳು ಕೆಡದೆ ಉಳಿಯುತ್ತದೆ ಎಂದು ತೋರಿಸಿದವು. ಹಗೇವು ತೆರೆದೊಡನೆ ಒಳಗಿಳಿಯಬಾರದೆಂದು ಹಿರಿಯರು ಎಚ್ಚರಿಸುವುದು ಈ ಕೆಟ್ಟ ಗಾಳಿಯಿಂದಾಗಿಯೇ. ಹಳೆಯ ಹಗೇವಿನ ಬಾಯಿ ಕಂಡರೆ ನೀವೂ ಇಳಿಯಬೇಡಿ.

ಊರಿನ ಪ್ರಕಟಿತ ಶಾಸನಗಳನ್ನೂ ಓದಿಕೊಳ್ಳಿ. ದಾನದ ಭೂಮಿಯನ್ನು ಮತ್ತರು ಎಂಬ ಹಳೆಯ ಅಳತೆಯಲ್ಲಿ ಅಳೆದು, ಕೆರೆ, ಹಳ್ಳ, ದಾರಿಗಳ ಎಲ್ಲೆ ಹೇಳುವ ಶಾಸನವಿದ್ದರೆ, ಆ ಎಲ್ಲೆಯನ್ನು ಇಂದಿನ ಬದುಗಳ ಜೊತೆ ಹೋಲಿಸಿ ನೋಡಬಹುದು.

ಎಲ್ಲಿಯೂ ಅಗೆಯಬೇಡಿ, ಉತ್ಖನನಕ್ಕೆ ಸರ್ಕಾರದ ಅನುಮತಿ ಬೇಕು. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಅಡಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಸರ್ವೆ ನಂಬರು, ನಡೆದ ಸಾಲುಗಳ ನಕ್ಷೆ, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆದ ಫೋಟೋಗಳು, ದಿನಾಂಕ ಇವಿಷ್ಟನ್ನು ಸೇರಿಸಿ ಧಾರವಾಡದ ಪುರಾತತ್ವ ಸರ್ವೇಕ್ಷಣ ಕಚೇರಿಗೆ ಅಥವಾ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಒಂದು ಪ್ರತಿ ಕೊಡಿ. ಏನೂ ಕಾಣದ ಹೊಲದ ವಿವರವನ್ನೂ ಅದರಲ್ಲಿ ಸೇರಿಸಿ, ಏಕೆಂದರೆ ಚೂರುಗಳು ಎಲ್ಲಿ ನಿಲ್ಲುತ್ತವೆ ಎಂಬುದರಿಂದಲೇ ಗೊಬ್ಬರ ಕಂಡ ನೆಲದ ಎಲ್ಲೆ ಗೊತ್ತಾಗುವುದು.