ಬೆಳಗಿನ ಗಾಳಿ ಒಂದು, ಮಧ್ಯಾಹ್ನದ ಗಾಳಿ ಇನ್ನೊಂದು: ಕಾರವಾರದಿಂದ ತದಡಿಗೆ ಹಾಯಿದೋಣಿಯಲ್ಲಿ

ಹುಬ್ಬಳ್ಳಿಯಿಂದ ಹೊರಟು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟು ಇಳಿದರೆ ನಾಲ್ಕು ತಾಸಿನಲ್ಲಿ ಕಾರವಾರದ ಸಮುದ್ರ ಸಿಗುತ್ತದೆ. ಕ್ಲಬ್ಬಿನಲ್ಲಿ ಹಾಯಿದೋಣಿ ನಡೆಸಲು ಕಲಿತು, ಕೊಲ್ಲಿಯೊಳಗೆ ಹತ್ತಾರು ಸಲ ಸುತ್ತಿದವರು ಮುಂದೆ ಕೇಳುವ ಪ್ರಶ್ನೆ ಒಂದೇ: ದಂಡೆಗುಂಟ ಇನ್ನೊಂದು ಬಂದರಿಗೆ ಹೋಗುವುದು ಹೇಗೆ? ಈ ಲೇಖನ ಅಂಥವರಿಗಾಗಿ. 25 ಅಡಿ ಉದ್ದದ, ನೀರಿನಡಿ 1.2 ಮೀಟರ್ ಇಳಿಯುವ ಕೀಲ್ (ತಳದ ಭಾರದ ರೆಕ್ಕೆ) ಇರುವ, ಹಿಂದೆ 8ರಿಂದ 10 ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನ್ ಕಟ್ಟಿದ ದೋಣಿ, ಅದರಲ್ಲಿ ಮೂರು ಜನ ಎಂದು ಇಟ್ಟುಕೊಳ್ಳೋಣ. ದಾರಿ ಕಾರವಾರದಿಂದ ಅಘನಾಶಿನಿಯ ಬಾಯಲ್ಲಿರುವ ತದಡಿಗೆ, ಸುಮಾರು 25 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ತಾಸಿಗೆ ಒಂದು ನಾಟಿಕಲ್ ಮೈಲಿ ಸಾಗಿದರೆ ಅದು ಒಂದು ನಾಟ್ ವೇಗ.

ಗಾಳಿ ಬದಲಾಗುತ್ತದೆ ಎಂದು ಹೆದರುವವರೇ ಹೆಚ್ಚು. ಆದರೆ ನವೆಂಬರ್ ನಡುವಿನಿಂದ ಮಾರ್ಚ್‌ವರೆಗೆ ನಮ್ಮ ಕರಾವಳಿಯ ಗಾಳಿ ಬದಲಾಗುವುದಕ್ಕೂ ಒಂದು ಹೊತ್ತುಗೊತ್ತು ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಸಮುದ್ರ ತಣಿಯುವುದಿಲ್ಲ. ಹಾಗಾಗಿ ನಸುಕಿನಲ್ಲಿ ಘಟ್ಟದ ಕಡೆಯಿಂದ, ಅಂದರೆ ಪೂರ್ವ ಅಥವಾ ಈಶಾನ್ಯದಿಂದ, ನೆಲಗಾಳಿ ಬೀಸುತ್ತದೆ. ಬಿಸಿಲೇರಿದಂತೆ ಅದು ಸೋಲುತ್ತದೆ. ಒಂಬತ್ತರಿಂದ ಹನ್ನೊಂದೂವರೆಯವರೆಗೆ ಬಹುತೇಕ ನಿಶ್ಚಲ. ಆಮೇಲೆ ವಾಯವ್ಯದಿಂದ ಕಡಲಗಾಳಿ ಹುಟ್ಟಿ, ಮೂರು ಗಂಟೆಯ ಹೊತ್ತಿಗೆ 10ರಿಂದ 15 ನಾಟ್‌ಗೆ ಏರುತ್ತದೆ. ಒಂದೇ ದಿನದಲ್ಲಿ ಮೂರು ಬೇರೆ ಬೇರೆ ಹವೆ. ಪಯಣದ ಯೋಜನೆ ಎಂದರೆ ಈ ಮೂರನ್ನೂ ನಿಮ್ಮ ದಾರಿಗೆ ಜೋಡಿಸುವುದು, ಅಷ್ಟೇ.

ಏಪ್ರಿಲ್, ಮೇ ಬೇಡ. ಹುಬ್ಬಳ್ಳಿಯಲ್ಲಿ ಅಡ್ಡಮಳೆ ಸುರಿಸುವ ಗುಡುಗಿನ ಮೋಡಗಳೇ ಘಟ್ಟದ ನೆತ್ತಿಯಲ್ಲೂ ಕಟ್ಟುತ್ತವೆ. ಅವು ಸಮುದ್ರದ ಕಡೆ ಜಾರಿದರೆ ಕೆಲವೇ ನಿಮಿಷಗಳಲ್ಲಿ ಗಾಳಿ ದಿಕ್ಕನ್ನೇ ತಿರುಗಿಸಿ ಅಪ್ಪಳಿಸುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಇದೇ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಜೂನ್‌ನಿಂದ ಮುಂಗಾರು. ಆಗ ಮಾತೇ ಇಲ್ಲ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಅರ್ಧ ಪಯಣ ನಡೆಯುವುದು ಹುಬ್ಬಳ್ಳಿಯ ಊಟದ ಮೇಜಿನ ಮೇಲೆ. ಕಡಲ ನಕ್ಷೆ ಹರಡಿ. ದೂರವನ್ನು ನಕ್ಷೆಯ ಎಡ ಅಥವಾ ಬಲ ಅಂಚಿನ ಅಕ್ಷಾಂಶದ ಗೆರೆಯಿಂದಲೇ ಅಳೆಯಬೇಕು. ಅಲ್ಲಿ ಒಂದು ಮಿನಿಟು, ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು, ಒಂದು ನಾಟಿಕಲ್ ಮೈಲಿ. ಮೇಲಿನ, ಕೆಳಗಿನ ಅಂಚುಗಳಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಕಾರವಾರದ ದಕ್ಷಿಣಕ್ಕೆ ಕದಂಬ ನೌಕಾನೆಲೆ ಇದೆ, ಅಂಜುದೀವ್ ದ್ವೀಪವೂ ಅದಕ್ಕೆ ಸೇರಿದ್ದು. ಆ ನಿಷೇಧಿತ ನೀರಿಗೆ ಇಳಿಯದಂತೆ ದ್ವೀಪದ ಪಶ್ಚಿಮಕ್ಕೆ ಸಾಕಷ್ಟು ಹೊರಗಿನಿಂದ ಹೋಗುವ ಗೆರೆ ಎಳೆಯಿರಿ. ಹೊರಡುವ ಮುನ್ನ ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ದೋಣಿಯ ವಿವರ, ಜನರ ಹೆಸರು, ದಾರಿ, ಹೊತ್ತು ಎಲ್ಲವನ್ನೂ ಬರೆದು ಕೊಡಿ.

ಇನ್ನು ಉಬ್ಬರ ಇಳಿತ. ಗೋಡೆಯ ಮೇಲಿನ ಕ್ಯಾಲೆಂಡರಿನ ತಿಥಿ ನೋಡಿದರೆ ಮೊದಲ ಅಂದಾಜು ಸಿಗುತ್ತದೆ: ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ನಿಖರ ಹೊತ್ತಿಗೆ ಉಬ್ಬರದ ಕೋಷ್ಟಕವೇ ಬೇಕು. ತದಡಿಯಲ್ಲಿ ಹಗಲಿನ ಉಬ್ಬರ ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ತುದಿ ಮುಟ್ಟುವ ದಿನವನ್ನೇ ಆರಿಸಿ. ಏಕೆಂದು ಮುಂದೆ ಹೇಳುತ್ತೇವೆ. ಹವಾಮಾನ ಇಲಾಖೆಯ ಮೀನುಗಾರರ ಮುನ್ಸೂಚನೆ, ಸಾಗರ ಮಾಹಿತಿ ಕೇಂದ್ರವಾದ ಇನ್‌ಕೋಯಿಸ್ ಸಂಸ್ಥೆಯ ಅಲೆಗಳ ಮುನ್ಸೂಚನೆ ಎರಡನ್ನೂ ಮೂರು ದಿನ ಮೊದಲಿನಿಂದ ದಿನಾ ನೋಡಿ ಬರೆದಿಡಿ. ಅಲೆಯ ಎತ್ತರ ದಿನದಿಂದ ದಿನಕ್ಕೆ ಏರುತ್ತಿದ್ದರೆ ಪಯಣ ಮುಂದೂಡಿ.

ಪೆಟ್ರೋಲಿನ ಲೆಕ್ಕ ಹೀಗೆ: ಗಾಳಿಯೇ ಬೀಸದಿದ್ದರೂ ಇಡೀ ದಾರಿ ಇಂಜಿನ್ ಮೇಲೆ ಮುಗಿಸುವಷ್ಟು, ಅದರ ಮೇಲೆ ಅರ್ಧ ಪಾಲು. 25 ಮೈಲಿಗೆ 4 ನಾಟ್‌ನಲ್ಲಿ ಆರೂಕಾಲು ತಾಸು, ತಾಸಿಗೆ ಎರಡೂವರೆ ಲೀಟರ್ ಹಿಡಿದರೆ 16 ಲೀಟರ್. ಜೊತೆಗೆ 8. ಹಾಗಾದರೆ ಹೋಗಲಿಕ್ಕೇ 24 ಲೀಟರ್ ಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕ್ಯಾನು ಕ್ಯಾಬಿನ್ನಿನೊಳಗೆ ಇಟ್ಟರೆ ಅದು ತಳದಲ್ಲಿ ಹೆಪ್ಪುಗಟ್ಟಿದಂತೆ ಕೂತುಬಿಡುತ್ತದೆ, ಒಂದು ಕಿಡಿ ಸಾಕು. ಕ್ಯಾನು ಹೊರಗೆ, ನೆರಳಲ್ಲಿ, ಹಗ್ಗದಿಂದ ಬಿಗಿದಿರಲಿ.

ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್. ಊಟಕ್ಕೆ ನಮ್ಮ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಮೀರಿಸುವ ಬುತ್ತಿ ಇಲ್ಲ. ಬೇಯಿಸಬೇಕಿಲ್ಲ, ಕೆಡುವುದಿಲ್ಲ, ಒಂದೇ ಕೈಯಲ್ಲಿ ತಿನ್ನಬಹುದು. ಉಪ್ಪುಗಾಳಿಗೆ ರೊಟ್ಟಿ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆ, ಆದ್ದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹಿಂದಿನ ರಾತ್ರಿ ಮಿರ್ಚಿ ಭಜಿ ಬೇಡ. ಕಡಲ ವಾಕರಿಕೆಗೆ ಎಣ್ಣೆ, ಖಾರ, ನಿದ್ದೆಗೇಡು ಮೂರೂ ಶತ್ರು. ಇದೇ ಕಾರಣಕ್ಕೆ ರಾತ್ರಿ ಘಾಟಿ ಇಳಿದು ನೇರ ದೋಣಿ ಏರಬೇಡಿ. ಹಿಂದಿನ ದಿನ ಮಧ್ಯಾಹ್ನವೇ ಮುಟ್ಟಿ, ದೋಣಿಯಲ್ಲೇ ಮಲಗಿ.

ಹಿಂದಿನ ಸಂಜೆ: ಹಾಯಿ ಚಿಕ್ಕದು ಮಾಡುವ ತಾಲೀಮು

ಬೆಳಕಿರುವಾಗಲೇ ಪ್ರತಿ ಹಗ್ಗವನ್ನೂ ಕೈಯಲ್ಲಿ ಹಿಡಿದು ಜಾರಿಸುತ್ತ ನೋಡಿ. ಕಣ್ಣಿಗೆ ಕಾಣದ ಸವೆತ ಬೆರಳಿಗೆ ಸಿಗುತ್ತದೆ. ಲಂಗರು 8ರಿಂದ 10 ಕೆ.ಜಿ., ಅದಕ್ಕೆ 10 ಮೀಟರ್ ಸರಪಳಿ, ಸರಪಳಿಗೆ 40 ಮೀಟರ್ ನೈಲಾನ್ ಹಗ್ಗ, ಹಗ್ಗದ ಕೊನೆ ದೋಣಿಗೆ ಕಟ್ಟಿದೆ ಎಂಬುದು ಖಾತ್ರಿಯಾಗಲಿ. ಕೊನೆ ಕಟ್ಟದೆ ಲಂಗರನ್ನೇ ಕಳೆದುಕೊಂಡವರು ಬಹಳ.

ಆಮೇಲೆ ರೀಫ್ ಹಾಕುವ ಅಭ್ಯಾಸ, ಅಂದರೆ ದೊಡ್ಡ ಹಾಯಿಯ ಕೆಳಭಾಗ ಮಡಚಿ ಅದನ್ನು ಕಿರಿದು ಮಾಡುವುದು. ಇದು ಮೂವರಿಗೂ ಕತ್ತಲಲ್ಲೂ ಬರಬೇಕು. ಮೊದಲು ಹಾಯಿಯನ್ನು ಗಾಳಿಗೆ ಬಿಗಿದು ಹಿಡಿದಿರುವ ಶೀಟ್ ಹಗ್ಗ ಸಡಿಲಿಸಿ ಗಾಳಿ ಸೋರಿಹೋಗಲು ಬಿಡಿ. ಹಾಯಿಯನ್ನು ಮೇಲೆತ್ತುವ ಹಾಲ್ಯಾರ್ಡ್ ಹಗ್ಗವನ್ನು ಒಂದು ಮೊಳದಷ್ಟು ಇಳಿಸುತ್ತ, ಕೂವೆಗಂಬದ ಪಕ್ಕದ ಹಾಯಿಯಂಚಿನಲ್ಲಿರುವ ಉಕ್ಕಿನ ಬಳೆ ಬೂಮಿನ (ಹಾಯಿಯ ಬುಡದ ಅಡ್ಡಗಂಬದ) ಕೊಕ್ಕೆಗೆ ಬರುವವರೆಗೂ ಕೆಳಗೆಳೆಯಿರಿ. ಬಳೆ ಕೊಕ್ಕೆಗೆ ಸಿಕ್ಕಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಹಾಲ್ಯಾರ್ಡ್ ಮತ್ತೆ ಬಿಗಿಯಬೇಕು. ಕೈ ಬಿಟ್ಟರೆ ಹಾಯಿ ಒದರಿದ ರಭಸಕ್ಕೆ ಬಳೆ ಕಳಚಿ ಮೇಲೆ ಹಾರುತ್ತದೆ. ಹಾಲ್ಯಾರ್ಡ್ ಬಿಗಿದು, ಹಾಯಿಯ ಮುಂದಂಚಿನಲ್ಲಿ ಉದ್ದ ಸುಕ್ಕು ಒಂದು ಮೂಡಬೇಕು, ಆಗ ಸರಿ. ಕೊನೆಗೆ ಹಿಂದಂಚಿನ ರೀಫ್ ಹಗ್ಗವನ್ನು ಅದರ ಬಳೆ ಬೂಮಿಗೆ ಅಂಟುವವರೆಗೆ ಎಳೆದು ಕಟ್ಟಿ. ಹೆಚ್ಚಿನವರು ಇಲ್ಲಿ ಸೋಲುತ್ತಾರೆ. ಹಿಂದಿನ ಬಳೆ ನಾಲ್ಕು ಬೆರಳು ಮೇಲೆ ಉಳಿದರೂ ಹಾಯಿ ಚೀಲದಂತೆ ಉಬ್ಬಿ, ಕಡಿಮೆಯಾಗಬೇಕಾದ ವಾಲಿಕೆ ಇನ್ನೂ ಹೆಚ್ಚುತ್ತದೆ. ಸಡಿಲ ಬಟ್ಟೆಯನ್ನು ಸುತ್ತುವ ಚಿಕ್ಕ ದಾರಗಳಿಗೆ ಭಾರ ಬೀಳಬಾರದು, ಬಿದ್ದರೆ ಅಲ್ಲೇ ಹರಿಯುತ್ತದೆ. ಎರಡು ನಿಮಿಷದೊಳಗೆ ಆಗುವವರೆಗೂ ಹಾಕಿ, ಬಿಚ್ಚಿ, ಮತ್ತೆ ಹಾಕಿ.

ಹೊರಟ ಮೇಲೆ

ಐದೂವರೆಗೆ ಲಂಗರು ಎತ್ತಿ. ಲೈಫ್ ಜಾಕೆಟ್ ತೊಟ್ಟೇ ಎತ್ತಬೇಕು. ಕತ್ತಲಿರುವಾಗ ಒಬ್ಬರು ಮೂತಿಯ ಬಳಿ ಟಾರ್ಚ್ ಹಿಡಿದು ಕೂರಲಿ. ದೀಪವಿಲ್ಲದ ಬಲೆಯ ಬೆಂಡುಗಳು ಎಲ್ಲೆಲ್ಲೂ ಇರುತ್ತವೆ. ಬಲೆ ಇಂಜಿನ್ನಿನ ರೆಕ್ಕೆಗೆ ಸುತ್ತಿದರೆ ಮೊದಲು ಇಂಜಿನ್ ಆರಿಸಿ, ಔಟ್‌ಬೋರ್ಡ್ ಮೇಲೆತ್ತಿ, ಆಮೇಲೆ ಬಿಡಿಸಿ. ಬಲೆ ಒಬ್ಬರ ಅನ್ನ. ಬಿಡಿಸಲು ಆಗದಿದ್ದರೆ ಮಾತ್ರ ಚಾಕು.

ಅಂಜುದೀವ್ ಹೊರಗೆ ಹಾದು ಆಗ್ನೇಯಕ್ಕೆ ತಿರುಗಿದರೆ ನೆಲಗಾಳಿ ಎಡಮಗ್ಗುಲಿಗೆ ನೇರ ಬಡಿಯುತ್ತದೆ. ಹಾಯಿದೋಣಿಗೆ ಇದಕ್ಕಿಂತ ಸುಖದ ಗಾಳಿ ಇಲ್ಲ. 4 ನಾಟ್ ಸಲೀಸು. ದಂಡೆಯಿಂದ ಎರಡು ಮೂರು ಮೈಲಿ ಒಳಗೇ ಇರಿ, ಹೊರಗೆ ಹೋದಂತೆ ನೆಲಗಾಳಿ ತೆಳ್ಳಗಾಗುತ್ತದೆ. ಪ್ರತಿ ಅರ್ಧ ತಾಸಿಗೆ ಇರುವ ಜಾಗ, ಹೊತ್ತು, ಗಾಳಿಯ ದಿಕ್ಕು ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊಬೈಲ್ ಮುಳುಗಿದರೂ ನೀವು ಎಲ್ಲಿದ್ದೀರಿ ಎಂದು ಆ ಪುಟ ಹೇಳಬೇಕು.

ಎಂಟೂವರೆಗೆ 12 ಮೈಲಿ ದಾಟಿರಬೇಕು. ದಾಟಿಲ್ಲವೆಂದರೆ ಅಥವಾ ವೇಗ ಇಪ್ಪತ್ತು ನಿಮಿಷ 3 ನಾಟ್‌ಗಿಂತ ಕೆಳಗಿದ್ದರೆ, ಇಂಜಿನ್ ಹಚ್ಚಿ. ಗಾಳಿ ಇನ್ನೇನು ಬರುತ್ತದೆ ಎಂದು ಕಾಯುವುದು ಈ ಪಯಣದ ಅತಿ ದುಬಾರಿ ತಪ್ಪು. ಬೆಳಿಗ್ಗೆ ಕಳೆದ ಒಂದು ತಾಸು ಮಧ್ಯಾಹ್ನ ನದಿಬಾಯಲ್ಲಿ ಅಪಾಯವಾಗಿ ಎದುರಾಗುತ್ತದೆ.

ಹೊತ್ತು ತಪ್ಪಿ ಕಡಲಗಾಳಿಗೆ ಸಿಕ್ಕರೆ ಅದು ಬೆನ್ನ ಹಿಂದಿನಿಂದ ಬರುತ್ತದೆ. ಇಲ್ಲಿ ಎರಡು ಮೋಸ ಇವೆ. ಒಂದು, ಬೂಮ್ ತಾನಾಗಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಬೀಸಿ ತಲೆಗೆ ಹೊಡೆಯಬಹುದು. ನೇರ ಬೆನ್ನಗಾಳಿಯಲ್ಲಿ ಹೋಗದೆ ಇಪ್ಪತ್ತು ಮೂವತ್ತು ಡಿಗ್ರಿ ಓರೆಯಾಗಿ ಸಾಗಿ, ಬೂಮಿನ ತುದಿಯಿಂದ ಮೂತಿಗೆ ಒಂದು ತಡೆಹಗ್ಗ ಕಟ್ಟಿ. ಮಗ್ಗುಲು ಬದಲಿಸುವಾಗ ತಡೆಹಗ್ಗ ಬಿಚ್ಚಿ, ಬೂಮನ್ನು ನಡುವಿಗೆ ಎಳೆದುಕೊಂಡು, ಎಲ್ಲರಿಗೂ ಕೂಗಿ ಹೇಳಿ, ನಿಧಾನ ತಿರುಗಿಸಿ. ಎರಡು, ಗಾಳಿಯ ಜೊತೆಗೇ ಓಡುವಾಗ ಅದರ ಬಲ ಗೊತ್ತಾಗುವುದಿಲ್ಲ. 16 ನಾಟ್ ಗಾಳಿಯಲ್ಲಿ 5 ನಾಟ್ ಓಡುತ್ತಿದ್ದರೆ ಮೈಗೆ ತಾಗುವುದು 11 ಮಾತ್ರ. ಗಾಳಿಯ ಎದುರಿಗೆ ತಿರುಗಿದೊಡನೆ ಅದು 20ರ ಹತ್ತಿರ ಆಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಹಾಯಿಯ ಮೇಲಿನ ಭಾರ ಮೂರು ಪಟ್ಟು ಮೀರುತ್ತದೆ. ಆದ್ದರಿಂದ ಮೈಗೆ ತಾಗುವ ಗಾಳಿಯನ್ನು ನಂಬಬೇಡಿ, ನೀರು ನೋಡಿ. ಅಲ್ಲೊಂದು ಇಲ್ಲೊಂದು ಬಿಳಿನೊರೆ ಇದ್ದರೆ 10 ನಾಟ್ ಒಳಗೆ. ಎತ್ತ ನೋಡಿದರೂ ನೊರೆ ಕಂಡರೆ ರೀಫ್ ಹಾಕುವ ಹೊತ್ತು ಬಂದಿದೆ. ಎದುರುಗಾಳಿಗೆ ತಿರುಗುವ ಮೊದಲು, ಬಯಲು ನೀರಿನಲ್ಲಿರುವಾಗಲೇ ಹಾಕಿ.

ಅಳಿವೆ ಬಾಗಿಲು

ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳದಿಬ್ಬ ಇರುತ್ತದೆ, ಪ್ರತಿ ಮಳೆಗಾಲಕ್ಕೂ ಅದು ಜಾಗ ಬದಲಿಸುತ್ತದೆ. ನಕ್ಷೆಯಲ್ಲಿನ ಆಳ ಅಲ್ಲಿಗೆ ಅನ್ವಯಿಸದು. ಹಿಂದಿನ ದಿನವೇ ತದಡಿಯ ಮೀನುಗಾರರಿಂದ ಈ ವರ್ಷದ ಕಾಲುವೆ ಯಾವ ಕಡೆ ಎಂದು ಕೇಳಿಕೊಳ್ಳಿ. ಒಳಹೋಗುವ ದೋಣಿಯೊಂದು ಸಿಕ್ಕರೆ ಅದರ ಹಿಂದೆಯೇ ಹೋಗಿ, ಆದರೆ ಅವರ ದೋಣಿ ನಿಮ್ಮ ಕೀಲಿನಷ್ಟು ಆಳಕ್ಕೆ ಇಳಿಯದಿರಬಹುದು ಎಂಬುದು ನೆನಪಿರಲಿ.

ನೀರು ಏರುತ್ತಿರುವ ಕೊನೆಯ ಎರಡು ತಾಸಿನಲ್ಲೇ ಒಳಹೋಗಬೇಕು. ಆಗ ನೆಲ ತಟ್ಟಿದರೂ ನೀರೇ ಎತ್ತಿ ಬಿಡಿಸುತ್ತದೆ. ಇಳಿಯುವ ನೀರಿನಲ್ಲಿ ತಟ್ಟಿದರೆ ಅಲ್ಲೇ ವಾಲಿ ಕೂರಬೇಕು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು: ಮಧ್ಯಾಹ್ನ ಮೂರರ ಹೊತ್ತಿಗೆ ಕಡಲಗಾಳಿ ಒಳಗೆ ನೂಕುತ್ತಿರುವಾಗ ನದಿಯ ಇಳಿತ ಹೊರಗೆ ನುಗ್ಗಿದರೆ, ಎರಡೂ ಡಿಕ್ಕಿ ಹೊಡೆದು ಅಲೆಗಳು ಗೋಡೆಯಂತೆ ಕಡಿದಾಗಿ ನಿಲ್ಲುತ್ತವೆ. ಹಿಂದಿನಿಂದ ನೋಡಿದರೆ ಅವು ಸೌಮ್ಯವಾಗಿ ಕಾಣುತ್ತವೆ, ಒಡೆಯುವ ಮುಖ ದಂಡೆಯ ಕಡೆ ಇರುತ್ತದೆ. ಆದ್ದರಿಂದ ಹೊರಗೆ ನಿಂತು ಹತ್ತು ನಿಮಿಷ ನೋಡಿ. ಬಾಯಿಯ ಉದ್ದಕ್ಕೂ ಅಲೆ ಒಡೆಯುತ್ತಿದ್ದರೆ ಒಳಹೋಗಬೇಡಿ. ಹೊರಗೆ ಕಾಯುವುದು ಬೇಸರದ ಕೆಲಸ, ಆದರೆ ಅಪಾಯ ದಂಡೆಯ ಹತ್ತಿರವಿದೆ, ಆಳದಲ್ಲಿ ಅಲ್ಲ. ಒಳಹೋಗುವಾಗ ಇಂಜಿನ್ ಓಡುತ್ತಿರಲಿ, ಲಂಗರು ಬಿಡಲು ಸಿದ್ಧವಿರಲಿ.

ಒಳಗೆ ಲಂಗರು ಹಾಕುವಲ್ಲಿ ಇಳಿತದ ಹೊತ್ತಿನ ಆಳ 4 ಮೀಟರ್ ಎಂದು ಹಿಡಿಯೋಣ, ಉಬ್ಬರಕ್ಕೆ ಏರುವ ನೀರು ಒಂದೂವರೆ, ನೀರಿನಿಂದ ಮೂತಿಯ ಎತ್ತರ ಒಂದು, ಒಟ್ಟು ಆರೂವರೆ. ಅದರ ಏಳು ಪಟ್ಟು, ಅಂದರೆ ಸುಮಾರು 45 ಮೀಟರ್ ಸರಪಳಿ ಹಗ್ಗ ಬಿಡಬೇಕು. ಜಿಪುಣತನ ಮಾಡಿದರೆ ಲಂಗರು ನೆಲ ಕಚ್ಚದೆ ಉಳುತ್ತ ಹೋಗುತ್ತದೆ.

ಮರಳುವುದು ಮೂರು ದಿನದ ಲೆಕ್ಕ

ಶನಿವಾರ ಹೋಗಿ ರವಿವಾರ ಬಂದುಬಿಡೋಣ ಎನ್ನುವವರು ಇಲ್ಲಿ ಎಡವುತ್ತಾರೆ. ಮೊದಲ ದಿನ ಉಬ್ಬರ ಹನ್ನೆರಡೂವರೆಗೆ ಇದ್ದರೆ, ಮರುದಿನ ಬೆಳಿಗ್ಗೆ ಏಳರ ಸುಮಾರಿಗೆ ನೀರು ತೀರ ಇಳಿದಿರುತ್ತದೆ. ನೆಲಗಾಳಿ ಇರುವ ಹೊತ್ತಿಗೆ ದಿಬ್ಬದ ಮೇಲೆ ನಿಮ್ಮ ಕೀಲಿಗೆ ನೀರಿಲ್ಲ. ನೀರು ಬರುವ ಹೊತ್ತಿಗೆ ನೆಲಗಾಳಿ ಇಲ್ಲ, ಕಡಲಗಾಳಿಯಂತೂ ನೇರ ಎದುರು. ಎದುರುಗಾಳಿಗೆ ಓರೆ ಓರೆ ಹೊಡೆಯುತ್ತ ಹೋದರೆ 25 ಮೈಲಿ 35 ಆಗುತ್ತದೆ, ಕತ್ತಲಾಗುತ್ತದೆ.

ಹೀಗೆ ಮಾಡಿ. ತದಡಿಯಲ್ಲಿ ಪೆಟ್ರೋಲ್ ಮತ್ತೆ ತುಂಬಿಸಿ. ಅರ್ಧ ಉಬ್ಬರ ಆದ ಮೇಲೆ, ಹತ್ತರ ಸುಮಾರಿಗೆ, ಗಾಳಿ ನಿಶ್ಚಲವಿರುವಾಗ ಇಂಜಿನ್ ಮೇಲೆ ಹೊರಟು ಸುಮಾರು 13 ಮೈಲಿ ದೂರದ ಬೇಲೇಕೇರಿ ಕೊಲ್ಲಿಗೆ ಬನ್ನಿ. ಕೊನೆಯ ಒಂದೂವರೆ ತಾಸು ಎದುರುಗಾಳಿ ಇರುತ್ತದೆ, ತಡೆದುಕೊಳ್ಳಬಹುದು. ಹವೆ ಶಾಂತವಿದ್ದರೆ ರಾತ್ರಿ ಅಲ್ಲೇ ಲಂಗರು. ಮೂರನೆಯ ದಿನ ನಸುಕಿನ ನೆಲಗಾಳಿ ಹಿಡಿದು, ಮತ್ತೆ ಅಂಜುದೀವ್ ಹೊರಗೆ ಸುತ್ತಿ, ಕಡಲಗಾಳಿ ಏಳುವ ಮೊದಲೇ ಕಾರವಾರ.

ಇಡೀ ಹೊತ್ತು ವಿಎಚ್‌ಎಫ್ ರೇಡಿಯೊ 16ನೇ ಚಾನೆಲ್‌ನಲ್ಲಿರಲಿ. ಜೀವಕ್ಕೆ ಕುತ್ತು ಬಂದರೆ ಮೂರು ಸಲ ‘ಮೇಡೇ’, ದೋಣಿಯ ಹೆಸರು, ಇರುವ ಜಾಗ, ಎಷ್ಟು ಜನ ಎಂದು ಹೇಳಿ. ಫೋನ್ ಸಿಗ್ನಲ್ ಇದ್ದರೆ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554. ಹುಬ್ಬಳ್ಳಿಯಲ್ಲಿ ಮನೆಯವರೊಬ್ಬರ ಬಳಿ ನಿಮ್ಮ ಯೋಜನೆಯ ಪ್ರತಿ ಇರಲಿ, ಯಾವ ಗಂಟೆಯವರೆಗೆ ಫೋನ್ ಬರದಿದ್ದರೆ ಆ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನೂ ಅದರಲ್ಲಿ ಬರೆದಿಡಿ. ಕಾರವಾರದಲ್ಲಿ ಲಂಗರು ಕಚ್ಚಿದ ಕೂಡಲೇ, ಹಾಯಿ ಮಡಚುವುದಕ್ಕೂ ಮೊದಲು, ಅವರಿಗೂ ಬಂದರು ಕಚೇರಿಗೂ ಫೋನ್ ಮಾಡಿ ಮುಟ್ಟಿದೆವು ಎಂದು ತಿಳಿಸಿ.