ಹಳೆಯ ಪಲ್ಪರ್ ಹೌಸ್ ದುರಸ್ತಿಗೆ ಇಳಿಯುವ ಮುನ್ನ ಒಂದು ಮಳೆಗಾಲ ಕಾಯಿರಿ

ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯಲು ಕಟ್ಟಿದ ನಮ್ಮ ಪಲ್ಪರ್ ಹೌಸಿನಲ್ಲಿ ಹಳ್ಳದ ಕಡೆಯ ಗೋಡೆಗೆ, ನೆಲಕ್ಕೆ ತಾಗಿದಂತೆ, ಮುಷ್ಟಿ ಹಿಡಿಸುವಷ್ಟು ದೊಡ್ಡ ತೂತೊಂದಿತ್ತು. ಇಲಿ, ಹಾವು ನುಗ್ಗುವ ದಾರಿ ಎಂದುಕೊಂಡು ನಾನೇ ನಿಂತು ಒಂದು ಬಾಂಡಲಿ ಸಿಮೆಂಟು ಕಲಸಿಸಿ ಮುಚ್ಚಿಸಿದೆ. ಆಗ ಏಪ್ರಿಲ್. ಪುನರ್ವಸು ಮಳೆ ಹಿಡಿದ ಮೂರನೆಯ ದಿನ ಬಾಗಿಲು ತೆಗೆದರೆ ಒಳಗೆ ಮೊಣಕಾಲುದ್ದ ನೀರು. ಅದರ ಮೇಲೆ ತೇಲುತ್ತಿದ್ದದ್ದು ಬೇಸಿಗೆಯಲ್ಲಿ ಕಳೆದುಹೋಯಿತೆಂದು ಹುಡುಕುತ್ತಿದ್ದ ನನ್ನ ಹವಾಯಿ ಚಪ್ಪಲಿ. ಗುಡ್ಡ ಕಡಿದ ದರೆಯ ಬುಡದಲ್ಲಿ ಮಳೆಗಾಲಕ್ಕೆ ಒರತೆ ಒಡೆಯುತ್ತದೆ. ಆ ನೀರು ನೆಲದಲ್ಲಿನ ಕಲ್ಲು ಚರಂಡಿಯಲ್ಲಿ ಹರಿದು ತೂತಿನಿಂದ ಹಳ್ಳಕ್ಕೆ ಬೀಳಲಿ ಎಂದು ಕಟ್ಟಿದವರು ಲೆಕ್ಕ ಹಾಕಿದ್ದರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನನಗೆ ಆ ಲೆಕ್ಕ ಹೊಳೆಯಲಿಲ್ಲ.

ನಮ್ಮದು ಸಕಲೇಶಪುರದಿಂದ ಹಾನುಬಾಳಿನ ಕಡೆಗೆ ಹೋಗುವಾಗ ಸಿಗುವ ಸಣ್ಣ ತೋಟ. ಕಾಂಡಕೊರಕ ಹುಳು ಬಿದ್ದು ಅರೇಬಿಕಾ ಹೋದ ಮೇಲೆ ರೋಬಸ್ಟಾ ಹಾಕಿದೆವು. 1996ರಲ್ಲಿ ಬೆಳೆಯನ್ನು ಕಾಫಿ ಬೋರ್ಡಿಗೇ ಕೊಡಬೇಕೆಂಬ ಪೂಲ್ ಪದ್ಧತಿ ಪೂರ್ತಿ ಮುಗಿದು, ಬೆಳೆದವರು ಬೇಕಾದವರಿಗೆ ಮಾರುವಂತಾದಾಗ ವ್ಯಾಪಾರಿಗಳು ಕಣಕ್ಕೇ ಬಂದರು. ಹಣ್ಣನ್ನು ಹಾಗೆಯೇ ಒಣಗಿಸಿ ಚೆರಿ ಮಾಡಿ ಕೊಟ್ಟರೆ ಆಯಿತು. ಪಲ್ಪರ್ ಹೌಸಿಗೆ ಬೀಗ ಬಿತ್ತು. ಇಂಥದ್ದೇ ಕಟ್ಟಡ, ಇಲ್ಲವೇ ಹಳೆಯ ಅಕ್ಕಿ ಗಿರಣಿ, ನಿಮ್ಮ ಪಾಲಿಗೂ ಬಂದಿದ್ದರೆ ನಾನು ಮಾಡಿದ ತಪ್ಪಿನಿಂದ ಶುರು ಮಾಡಿ.

ಅಂದರೆ ಒಂದು ಮಳೆಗಾಲ ಕೈಕಟ್ಟಿ ನೋಡಿ. ಮುರಿದ ಹೆಂಚಿನ ಮೇಲೆ ಟಾರ್ಪಾಲು ಕಟ್ಟಿ, ಬೀಳುವಂತಿರುವ ತೊಲೆಗೆ ಊರೆ ಕೊಡಿ, ಅಷ್ಟು ಸಾಕು. ವಾರಕ್ಕೊಮ್ಮೆ ಸೀಮೆಸುಣ್ಣ ಹಿಡಿದು ಒಳಗೆ ಹೋಗಿ, ತೇವ ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೋಗುತ್ತದೆ ಎಂಬುದನ್ನು ಗುರುತು ಮಾಡಿ. ಸೆಪ್ಟೆಂಬರಿನ ಹೊತ್ತಿಗೆ ಗೋಡೆಯ ಮೇಲೆ ನಿಮ್ಮ ದುರಸ್ತಿಯ ಪಟ್ಟಿ ತಾನಾಗಿ ಸಿದ್ಧವಾಗಿರುತ್ತದೆ. ಯಾವ ತೂತು, ಕೊಳವೆ, ಕಬ್ಬಿಣದ ಕೊಂಡಿ ಯಾಕಿದೆ ಎಂದು ತಿಳಿಯುವವರೆಗೆ ಅದನ್ನು ಮುಟ್ಟಬೇಡಿ. ತಿಳಿಯದಿದ್ದರೆ ತೋಟದ ಆಳುಗಳ ಲೈನ್ ಮನೆಗಳಲ್ಲಿ ವಯಸ್ಸಾದವರನ್ನು ಕೇಳಿ. ನಮ್ಮ ತೊಟ್ಟಿಗಳಲ್ಲಿ ಕಾಫಿ ತುಳಿದು ತೊಳೆದಿದ್ದ ಅಜ್ಜಿಯೊಬ್ಬರು ಆ ತೂತಿನ ಕಥೆ ಕೇಳಿ ನಕ್ಕದ್ದು ನಿಲ್ಲಲೇ ಇಲ್ಲ. "ಅಮ್ಮಾ, ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ" ಎಂದರು.

ಈ ಬಿಡುವಿನಲ್ಲಿ ಕಾಗದಪತ್ರ ನೋಡಿಕೊಳ್ಳಿ. ಪಾಲಾಗುವಾಗ ಕಟ್ಟಡ ಅಣ್ಣನ ಸರ್ವೆ ನಂಬರಿಗೂ ನೀರಿನ ಕಾಲುವೆ ತಮ್ಮನದಕ್ಕೂ ಹೋಗಿರುವುದು ನಮ್ಮ ಕಡೆ ಹೊಸದಲ್ಲ. ಪಹಣಿ, ನಕ್ಷೆ ಎರಡನ್ನೂ ತೆಗೆಸಿ. ಬೇಲೂರು, ಹಳೇಬೀಡಿನಲ್ಲಿರುವವರು ಇನ್ನೂ ಎಚ್ಚರದಿಂದಿರಬೇಕು. ಕೇಂದ್ರ ಸರ್ಕಾರ ಸಂರಕ್ಷಿಸಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಹಳೆಯ ಗಿರಣಿಯ ದುರಸ್ತಿಗೂ ಮೊದಲೇ ಅನುಮತಿ ಬೇಕು.

ಕೆಲಸದ ದಿನಗಳು ನಮ್ಮ ಕೈಯಲ್ಲಿಲ್ಲ, ಕಾಫಿಯ ಕೈಯಲ್ಲಿವೆ. ನವೆಂಬರಿನಿಂದ ಹಣ್ಣು ಕುಯ್ಯುವ ಸಮಯ. ರೋಬಸ್ಟಾ ಮುಗಿಯುವಾಗ ಮಾರ್ಚ್. ಆವರೆಗೆ ಆಳು ಸಿಗುವುದಿಲ್ಲ. ಮೇ ಕೊನೆಗೆ ಮಾಡು ಮುಚ್ಚಿರಲೇಬೇಕು. ಹಾಗಾಗಿ ಬಡಗಿಯನ್ನೂ ಗಾರೆ ಮೇಸ್ತ್ರಿಯನ್ನೂ ದೀಪಾವಳಿಗೇ ಮಾತಾಡಿಸಿ ಮುಂಗಡ ಕೊಟ್ಟುಬಿಡಿ.

ಒಳಗೆ ಹೊಕ್ಕುವ ಮೊದಲ ದಿನ ಕೋಲಿನಿಂದ ಸದ್ದು ಮಾಡಿ, ಒಂದು ಗಂಟೆ ಬಾಗಿಲು ತೆರೆದಿಟ್ಟು ಹೋಗಿ. ನಮ್ಮಲ್ಲಿ ಕೇರೆ ಹಾವಿತ್ತು, ಪಾಪದ್ದು. ಕೊಳಕುಮಂಡಲವೂ ಇರಬಹುದು, ಗಮ್‌ಬೂಟು ಹಾಕಿಕೊಳ್ಳಿ. ಬಾವಲಿಯ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಿದರೆ ಆ ದೂಳು ಶ್ವಾಸಕೋಶಕ್ಕೆ ಕೇಡು. ನೀರು ಚಿಮುಕಿಸಿ, ಮಾಸ್ಕ್ ಕಟ್ಟಿಕೊಂಡು ತೆಗೆಯಿರಿ. ಎಂಜಿನ್ ಕೋಣೆಯ ಮೇಲೆ ಹಳೆಯ ಆಸ್ಬೆಸ್ಟಾಸ್ ಶೀಟು ಇದ್ದರೆ ಒಡೆಯಬಾರದು, ಗರಗಸ ಹಾಕಬಾರದು. ನೆನೆಸಿ, ಇಡಿಯಾಗಿ ಇಳಿಸಬೇಕು.

ಮಾಡಿನ ಕೆಲಸದಲ್ಲಿ ಅವಸರವೇ ಶತ್ರು. ಹೆಂಚು ಇಳಿಸುವಾಗ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕಂಚಿನ ಪಾತ್ರೆಯಂತೆ ಠಣ್ ಎಂದರೆ ಗಟ್ಟಿ. ಡಬ್ ಎಂದರೆ ಕಣ್ಣಿಗೆ ಕಾಣದ ಬಿರುಕಿದೆ, ಬದಿಗಿಡಿ. ಆಮೇಲೆ ಹಿಂಬದಿಯ ಮುದ್ರೆ ನೋಡಿ ಬೇರೆ ಬೇರೆ ಗುಡ್ಡೆ ಮಾಡಿ. ಮಂಗಳೂರು ಹೆಂಚು ಎಂದರೆ ಎಲ್ಲವೂ ಒಂದೇ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಂಪನಿಗಳು ಹುಟ್ಟಿಕೊಂಡವು. ಒಬ್ಬರ ಹೆಂಚಿನ ಕಚ್ಚಿಗೆ ಇನ್ನೊಬ್ಬರದು ಕೂರುವುದಿಲ್ಲ. ಕೂರಿಸಿದರೆ ಮಳೆ ಅಲ್ಲಿಂದಲೇ ಒಳಗೆ ಬರುತ್ತದೆ. ಒಂದು ಇಳಿಜಾರಿಗೆ ಒಂದೇ ಮುದ್ರೆಯ ಹೆಂಚು ಹಾಕಿಸಿ. 100 ಚದರ ಅಡಿಗೆ ಸುಮಾರು 150 ಹೆಂಚು ಎಂದು ಲೆಕ್ಕ ಇಟ್ಟುಕೊಂಡು, ಕಡಿಮೆ ಬಿದ್ದದ್ದನ್ನು ಕೆಡವುತ್ತಿರುವ ಹಳೆಯ ಮನೆಗಳಿಂದ ತನ್ನಿ. ತೊಲೆ ನಡುವೆ ಚೆನ್ನಾಗಿಯೇ ಕಾಣುತ್ತದೆ, ಕೊಳೆಯುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅಲ್ಲಿ ಉಳಿ ಚುಚ್ಚಿ ನೋಡಿ. ಬೆಣ್ಣೆಯಂತೆ ಇಳಿದರೆ ಆ ತುದಿಯನ್ನಷ್ಟೇ ಕತ್ತರಿಸಿ ಒಳ್ಳೆಯ ಮರ ಬೆಸೆಸಿ. ಇಡೀ ತೊಲೆ ಬದಲಿಸಬೇಕು ಎನ್ನುವ ಬಡಗಿಗೆ ಆ ಹಳೆಯ ಮರದ ಮೇಲೆ ಕಣ್ಣಿರಬಹುದು. ನಮ್ಮಲ್ಲಿಗೆ ಬಂದ ಮೊದಲನೆಯವನಿಗಂತೂ ಇತ್ತು.

ಗೋಡೆಗೆ ಸಿಮೆಂಟು ಬೇಡ. ಹಳೆಯ ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ಹೀರಿದ ನೀರನ್ನು ಸಂದಿನ ಗಾರೆಯ ಮೂಲಕ ಹೊರಗೆ ಬಿಡುತ್ತದೆ. ಸಂದಿಗೆ ಸಿಮೆಂಟು ತುಂಬಿದರೆ ನೀರು ಇಟ್ಟಿಗೆಯಿಂದಲೇ ಹೊರಬರಬೇಕು. ಎರಡು ಮಳೆಗಾಲದಲ್ಲಿ ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ, ಸಿಮೆಂಟು ಮಾತ್ರ ಅಸ್ಥಿಪಂಜರದಂತೆ ನಿಂತಿರುತ್ತದೆ. ಜನವರಿಯಲ್ಲೇ ಗುಂಡಿ ತೋಡಿಸಿ ಸುಣ್ಣದ ಕಲ್ಲು ಅರಳಿಸಿ. ನೀರು ಬಿದ್ದೊಡನೆ ಅದು ಕುದಿಯುತ್ತದೆ, ಹತ್ತಿರ ಬಗ್ಗಿ ನೋಡಬೇಡಿ, ಕಣ್ಣು ಹೋಗುತ್ತದೆ. ಕನಿಷ್ಠ ಒಂದು ತಿಂಗಳು ನೀರಿನಡಿ ಬಿಟ್ಟ ಬೆಣ್ಣೆಯಂಥ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ನಮ್ಮ ಮೇಸ್ತ್ರಿ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿದರು. ಹಚ್ಚಿದ ಮೇಲೆ ಎರಡು ವಾರ ನೆನೆದ ಗೋಣಿಚೀಲ ಹೊದಿಸಿ. ಕಾಫಿ ತೋಟದಲ್ಲಿ ಗೋಣಿಚೀಲಕ್ಕೇನು ಬರ? ಗೋಡೆಯಲ್ಲಿ ಅರಳಿ, ಬಸರಿ ಬೇರು ಬಿಟ್ಟಿದ್ದರೆ ಎಳೆಯಬೇಡಿ, ಗೋಡೆಯೇ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಚಿಗುರಿದಾಗಲೆಲ್ಲ ಚಿವುಟಿ, ಬೇರು ಸತ್ತ ಮೇಲೆ ಕಲ್ಲೊಂದೊಂದನ್ನೇ ಬಿಡಿಸಿ ಮತ್ತೆ ಕೂರಿಸಿ.

ಸುಣ್ಣ ಬಳಿಯುವ ಉತ್ಸಾಹದಲ್ಲಿ ಬಾಗಿಲ ಪಕ್ಕದ ಗೋಡೆ ನೋಡಿಕೊಳ್ಳಿ. ನಮ್ಮಲ್ಲಿ ಅಲ್ಲಿ ಇದ್ದಿಲಿನಿಂದ ಎಳೆದ ಗೀಟುಗಳಿದ್ದವು, ಐದೈದರ ಕಟ್ಟು. ಹಣ್ಣು ಅಳೆದು ಸುರಿದಾಗ ತೋಟದ ಲೆಕ್ಕ ಬರೆಯುವ ರೈಟರು ಹಾಕಿದ ಗುರುತು. ಅಷ್ಟು ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ.

ಇನ್ನು ಯಂತ್ರಗಳು. ಬಿಚ್ಚುವ ಮೊದಲು ಫೋಟೊ ತೆಗೆದು, ಪ್ರತಿ ಭಾಗಕ್ಕೂ ತಗಡಿನ ನಂಬರು ಕಟ್ಟಿ. ತುಕ್ಕು ಹಿಡಿದ ಸಣ್ಣ ಭಾಗಗಳನ್ನು ಉಜ್ಜಿ ಸವೆಸುವ ಬದಲು, ದನಗಳ ಮೇವಿಗೆ ಬೆರೆಸುವ ಕಾಕಂಬಿ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಎರಡು ವಾರ ಮುಳುಗಿಸಿಡಿ. ತುಕ್ಕು ಕರಗುತ್ತದೆ, ಕಬ್ಬಿಣ ಉಳಿಯುತ್ತದೆ. ಅಲ್ಯೂಮಿನಿಯಂ ಮಾತ್ರ ಹಾಕಬೇಡಿ, ಅದನ್ನೂ ತಿನ್ನುತ್ತದೆ. ವಾಸನೆಯ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಡಿ. ಪಲ್ಪರಿನ ಚೌಕಟ್ಟು ಬೀಡು ಕಬ್ಬಿಣದ್ದು. ಅದರ ಬಿರುಕಿಗೆ ಸಾಮಾನ್ಯ ವೆಲ್ಡಿಂಗ್ ಮಾಡಿಸಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ. ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಬೆಸೆಯಬಲ್ಲವರನ್ನೇ ಹುಡುಕಿ.

ನಮ್ಮ ಎಂಜಿನ್ ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್, ನಿಮಿಷಕ್ಕೆ 650 ಸುತ್ತಿನ ನಿಧಾನದ ಪ್ರಾಣಿ. ಕಚ್ಚಿಕೊಂಡಿತ್ತು. ಸಿಲಿಂಡರಿಗೆ ಸೀಮೆಎಣ್ಣೆ, ಗೇರ್ ಎಣ್ಣೆ ಬೆರೆಸಿ ಸುರಿದು ದಿನಾ ಬೆಳಿಗ್ಗೆ ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದೆವು. ಹತ್ತೊಂಬತ್ತನೆಯ ದಿನ ಬೆರಳಗಲ ಸರಿಯಿತು. ಸುತ್ತಿಗೆ ಎತ್ತಿದ್ದರೆ ಪಿಸ್ಟನ್ ಒಡೆಯುತ್ತಿತ್ತು. ಬಿಡಿಭಾಗಕ್ಕೆ ಹೆದರಬೇಡಿ, ಇದೇ ನಮೂನೆಯ ಎಂಜಿನ್‌ಗಳನ್ನು ಗುಜರಾತಿನ ರಾಜಕೋಟೆಯಲ್ಲಿ ದಶಕಗಳಿಂದ ಮಾಡುತ್ತಿದ್ದಾರೆ. ಬೆಲ್ಟು ಓಡುವ ಕಡೆ ಕಬ್ಬಿಣದ ಜಾಲರಿ ಕಟ್ಟಿಸಿ. ಹಿಂದಿನವರು ಕಟ್ಟಿರಲಿಲ್ಲ, ಸೀರೆಯ ಸೆರಗು ಸಿಕ್ಕಿಕೊಂಡ ಕಥೆಗಳೂ ಅದೇ ಅಜ್ಜಿಯ ಬಳಿ ಇವೆ.

ಪಲ್ಪರ್ ಮತ್ತೆ ಓಡಿಸುವುದಾದರೆ ಹಳೆಯ ಕಾಲುವೆಯಂತೆ ನೀರನ್ನು ನೇರ ಹಳ್ಳಕ್ಕೆ ಬಿಡುವಂತಿಲ್ಲ. ಆ ನೀರು ಹುಳಿ, ಮೀನು ಸಾಯುತ್ತವೆ. ಗುಂಡಿಗೆ ತಿರುಗಿಸಿ, ಸುಣ್ಣ ಹಾಕಿ ಹುಳಿ ಮುರಿಯಬೇಕು. ಒರತೆಯ ತೂತು ಬೇರೆ, ಇದು ಬೇರೆ. ಎರಡನ್ನೂ ಒಂದೇ ಚರಂಡಿಗೆ ಸೇರಿಸಬೇಡಿ.

ಕೊನೆಗೆ ತಾಮ್ರದ ತಗಡಿನ ಡ್ರಮ್ಮಿಗೂ ಎದುರಿನ ಪಟ್ಟಿಗೂ ನಡುವಿನ ಸಂದು ಹೊಂದಿಸುವುದು. ಕೈಯಲ್ಲೇ ತಿರುಗಿಸುತ್ತ ಒಂದು ಹಿಡಿ ಕೆಂಪು ಹಣ್ಣು ಹಾಕಿ, ಹೊರಗೆ ಬಿದ್ದದ್ದನ್ನು ಅಂಗೈಯಲ್ಲಿ ಹರಡಿ ನೋಡಿ. ಸಿಪ್ಪೆಯ ಜತೆ ಬೀಜ ಹೋಗುತ್ತಿದ್ದರೆ ಸಂದು ಜಾಸ್ತಿ. ಬೀಜದ ಬೆನ್ನಿಗೆ ಗಾಯವಾಗಿದ್ದರೆ ಕಡಿಮೆ. ತಿರುಪನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಒಂದು ಹಿಡಿ. ನಮಗೆ ಹನ್ನೊಂದು ಹಿಡಿ ಬೇಕಾಯಿತು.