ಶಾಫ್ಟ್ ಒಬ್ಬರದು, ಬುಷ್ ಇನ್ನೊಬ್ಬರದು

ನಾನು ಎಂಜಿನಿಯರಿಂಗ್ ಓದುವವರಿಗೆ ಮ್ಯಾನುಫ್ಯಾಕ್ಚರಿಂಗ್ ಲ್ಯಾಬ್ ತೆಗೆದುಕೊಳ್ಳುತ್ತೇನೆ. ಮೊದಲು ನಮ್ಮಲ್ಲೂ ಮಾಮೂಲಿ ಕ್ರಮವೇ ಇತ್ತು. ಡ್ರಾಯಿಂಗ್ ಕೊಡುವುದು, ಒಂದು ಸಲ ಮಾಡಿ ತೋರಿಸುವುದು, ಅವರು ಅದನ್ನೇ ಮಾಡಿ ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ಳುವುದು. ಅಳತೆ ಆಚೀಚೆ ಆದರೂ ಯಾರಿಗೂ ಬಿಸಿ ಮುಟ್ಟುತ್ತಿರಲಿಲ್ಲ, ಯಾಕಂದ್ರೆ ಆ ಜಾಬ್, ಅಂದರೆ ಮಾಡಿದ ತುಂಡು, ಯಾವುದರೊಳಗೂ ಕೂರಬೇಕಾಗಿರಲಿಲ್ಲ.

ಅದಕ್ಕೇ ಕ್ರಮ ಬದಲಿಸಿದೆ. ಒಂದು ತಂಡಕ್ಕೆ ಶಾಫ್ಟ್ (ದುಂಡನೆಯ ದಂಡ), ಇನ್ನೊಂದು ತಂಡಕ್ಕೆ ಅದು ಒಳಗೆ ಕೂರುವ ಬುಷ್ (ತೂತಿರುವ ಬಳೆ). ಅಳತೆ 25 ಮಿಮೀ, ಫಿಟ್, ಅಂದರೆ ಎರಡೂ ಎಷ್ಟು ಸಡಿಲವಾಗಿ ಕೂರಬೇಕು ಅನ್ನುವುದರ ಗುರುತು, ಎಚ್7/ಜಿ6. ಅಂದರೆ ಬುಷ್‌ನ ತೂತು 25.000ರಿಂದ 25.021 ಮಿಮೀ ಒಳಗೆ, ಶಾಫ್ಟ್ 24.980ರಿಂದ 24.993 ಒಳಗೆ ಬರಬೇಕು. ಕೊನೆಗೆ ಎರಡೂ ತಂಡ ಒಂದೇ ಟೇಬಲ್ಲಿಗೆ ಬಂದು ಜೋಡಿಸಬೇಕು. ಬುಷ್ ತಂಡಕ್ಕೆ ರೀಮರ್‌ನ (ತೂತನ್ನು ನಿಖರ ಅಳತೆಗೆ ತರುವ ಟೂಲ್) ಆಸರೆ ಇದೆ, ಶಾಫ್ಟ್ ತಂಡಕ್ಕೆ ಸಿಗುವುದು ಬರೀ 13 ಮೈಕ್ರಾನ್ (0.013 ಮಿಮೀ) ಜಾಗ. ಆದ್ದರಿಂದ ಮುಂದಿನ ಸುತ್ತಿನಲ್ಲಿ ಅದಲು ಬದಲು.

ಮಷೀನ್ ಮುಟ್ಟುವ ಮುಂಚೆ ಪ್ರೋಸೆಸ್ ಶೀಟ್, ಅಂದರೆ ಕೆಲಸದ ಹಂತಗಳ ಪಟ್ಟಿ, ಅವರೇ ಬರೆಯಬೇಕು. ಮೈಲ್ಡ್ ಸ್ಟೀಲಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್, ಕಟಿಂಗ್ ಸ್ಪೀಡ್ ನಿಮಿಷಕ್ಕೆ 30 ಮೀಟರ್ ಅಂತ ಹಿಡಿದರೆ 25 ಮಿಮೀ ರಾಡಿಗೆ ಸುಮಾರು 380 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಬರುತ್ತದೆ. ರಾಡನ್ನು ತಿರುಗಿಸಿ ಕೊರೆಯುವ ಮಷೀನ್ ಆದ ಲೇತ್‌ನಲ್ಲಿ ಸರಿಯಾಗಿ ಅಷ್ಟೇ ಇರಲ್ಲ, ಅಲ್ವಾ? ಹತ್ತಿರದ ಯಾವ ಸ್ಪೀಡ್ ಆರಿಸಿದಿರಿ, ಯಾಕೆ ಅಂತ ಶೀಟಲ್ಲೇ ಬರೆಯಬೇಕು.

ಇನ್ನು ನಿಜವಾದ ಪಾಠ ಎಲ್ಲಿ ಸಿಗುತ್ತದೆ ನೋಡಿ. ಒಂದು ತಂಡ ರಾಡನ್ನು ಚಕ್‌ನಿಂದ (ಲೇತ್‌ನಲ್ಲಿ ರಾಡ್ ಹಿಡಿಯುವ ಭಾಗ) 150 ಮಿಮೀ ಆಚೆ ಬಿಟ್ಟು ಟರ್ನಿಂಗ್, ಅಂದರೆ ತಿರುಗಿಸಿ ಕೊರೆಯುವುದು, ಮಾಡಿತ್ತು. ಚಕ್ ಹತ್ತಿರ ಅಳತೆ ಸರಿ, ತುದಿಯಲ್ಲಿ ದಪ್ಪ. "ಸರ್, ಲೇತೇ ಸರಿ ಇಲ್ಲ" ಅಂದರು. ನಾನು ಉತ್ತರ ಹೇಳಲಿಲ್ಲ. ಟೂಲನ್ನು ರಾಡ್ ಕಡೆಗೆ ಸರಿಸುವ ಕ್ರಾಸ್ ಸ್ಲೈಡ್ ಒಂಚೂರೂ ಮುಂದೆ ತಿರುಗಿಸದೆ ಅದೇ ಪಾಸ್ ಇನ್ನೊಂದು ಸಲ ಓಡಿಸಿ ಅಂದೆ. ತುದಿಯಲ್ಲಿ ಕೂದಲೆಳೆಯಂಥ ಚಿಪ್ ಬಂತು, ಚಕ್ ಕಡೆಗೆ ಬರುತ್ತಾ ಬರುತ್ತಾ ಅದೂ ನಿಂತೇಹೋಯಿತು. ಸುಮ್ನೆ ನೋಡುತ್ತಾ ನಿಂತರು. ಆಮೇಲೆ ಒಬ್ಬಳು, "ಸರ್, ರಾಡ್ ಬಗ್ಗುತ್ತಾ ಇದೆ, ಇದು ಕ್ಯಾಂಟಿಲಿವರ್!" ಅಂದಳು. ಕ್ಯಾಂಟಿಲಿವರ್ ಅಂದರೆ ಒಂದೇ ತುದಿಯಲ್ಲಿ ಹಿಡಿದ ದಂಡ; ಅದರ ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು ಅನ್ನುವ ಸೂತ್ರ ಅವರೆಲ್ಲರಿಗೂ ಬಾಯಿಪಾಠ ಇತ್ತು, ಆದರೆ ಅದು ಲೇತ್ ಮೇಲೂ ನಡೆಯುತ್ತದೆ ಅಂತ ಅವತ್ತೇ ಕಂಡದ್ದು. ರಾಡ್‌ನ ಇನ್ನೊಂದು ತುದಿಗೆ ಆಸರೆಯಾಗುವ ಟೇಲ್‌ಸ್ಟಾಕ್ ಸೆಂಟರ್ ಕೊಡಿ ಅಂತ ನಾನು ಹೇಳಬೇಕಾಗಲಿಲ್ಲ.

ಬಿಸಿಯ ವಿಷಯವೂ ಹೀಗೇ. ಟರ್ನಿಂಗ್ ಮುಗಿದ ಕೂಡಲೇ ಮೈಕ್ರೋಮೀಟರ್ ಇಟ್ಟರೆ ಶಾಫ್ಟ್ ದಪ್ಪ ತೋರಿಸುತ್ತದೆ. 25 ಮಿಮೀ ಸ್ಟೀಲ್ 30 ಡಿಗ್ರಿ ಬಿಸಿಯಾದರೆ ಸುಮಾರು 9 ಮೈಕ್ರಾನ್ ಹಿಗ್ಗುತ್ತದೆ. ಇರುವ 13ರಲ್ಲಿ 9! ತಣ್ಣಗಾಗಲು ಕಾಯುವ ತಾಳ್ಮೆ ಇದರಿಂದ ತಾನಾಗಿಯೇ ಬರುತ್ತದೆ.

ಜೋಡಣೆ ಕೂಡಲಿಲ್ಲ ಅಂತ ನಾನು ಮಾರ್ಕ್ಸ್ ಕಳೆಯುವುದಿಲ್ಲ. ಯಾಕೆ ಕೂಡಲಿಲ್ಲ ಅಂತ ಅಳತೆ ತೋರಿಸಿ ವಿವರಿಸಬೇಕು, ಅರ್ಧ ಮಾರ್ಕ್ಸ್ ಅದಕ್ಕೇ. "ನಿಮ್ಮ ತೂತೇ ಚಿಕ್ಕದು" ಅಂತ ಜಗಳ ಶುರುವಾಗುತ್ತದೆ. ಆಗ ಎರಡೂ ತಂಡ ಒಂದೇ ಮೈಕ್ರೋಮೀಟರ್‌ನಲ್ಲಿ, ಒತ್ತಡ ಒಂದೇ ಸಮ ಇಡುವ ರಾಚೆಟ್ ಹಿಡಿದೇ ತಿರುಗಿಸಿ ಮತ್ತೆ ಅಳೆಯಬೇಕು. ಬಿಗಿಯಾಗಿ ಒತ್ತಿ ಅಳೆದವರ ರೀಡಿಂಗ್ ಕಡಿಮೆ ಬರುವುದು ಅಲ್ಲೇ ಗೊತ್ತಾಗುತ್ತದೆ.

ಇದಕ್ಕೆಲ್ಲ ಸಮಯ ಜಾಸ್ತಿ ಬೇಕು, ನಿಜ. ನಾನು ನರ್ಲಿಂಗ್ (ಹಿಡಿತಕ್ಕೆ ಮೇಲ್ಮೈ ತರಿಯಾಗಿಸುವುದು), ಥ್ರೆಡ್ಡಿಂಗ್ (ಸ್ಕ್ರೂ ಗೆರೆ ಕೊರೆಯುವುದು) ಬೇರೆ ಬೇರೆ ಜಾಬ್ ಮಾಡಿಸುವುದನ್ನು ಬಿಟ್ಟು ಅದೇ ಶಾಫ್ಟ್‌ನ ಇನ್ನೊಂದು ತುದಿಗೆ ಸೇರಿಸಿದೆ. ಆ ಥ್ರೆಡ್ಡಿಗೆ ನಟ್ ಮಾಡುವುದು ಮೂರನೇ ತಂಡ.